ಪಾಪರ್ ಆದವನ ಸೈಟು: ಕ್ರಯಪತ್ರಕ್ಕೆ ಸಹಿ ಹಾಕುವ ಕೈ ಯಾವುದು?

ನಿಮ್ಮ ಮನೆಯ ಬೀರುವಿನಲ್ಲಿರುವ ಕ್ರಯಪತ್ರವನ್ನು ಇವತ್ತು ರಾತ್ರಿ ಒಮ್ಮೆ ತೆಗೆದು ಓದಿ. ಕೊನೆಯ ಪುಟಗಳ ಹತ್ತಿರ ಒಂದು ಮಾತು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ‘ಸದರಿ ಸ್ವತ್ತಿನ ಬಗ್ಗೆ ಮುಂದೆ ಯಾರಿಂದಲಾದರೂ ತಂಟೆ ತಕರಾರು ಬಂದಲ್ಲಿ ನಾನೇ ಮುಂದೆ ನಿಂತು ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ.’ ಪತ್ರ ಬರಹಗಾರರು ಇದನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಾರೆ, ನಾವೂ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತೇವೆ. ನಾನು ಇವತ್ತು ಮಾತಾಡುವುದು ಈ ಸಾಲು ಇಲ್ಲದ ಕ್ರಯಪತ್ರದ ಬಗ್ಗೆ. ಅದರಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಖಾತೆಯಲ್ಲಿ ಯಾರ ಹೆಸರಿದೆಯೋ ಅವನು ಆ ಪತ್ರಕ್ಕೆ ಸಹಿಯನ್ನೇ ಹಾಕುವುದಿಲ್ಲ.

ಸಾಲ ತೀರಿಸಲಾಗದೆ ದಿವಾಳಿಯಾದವನ ಜಮೀನು, ಮನೆ, ಸೈಟು ಇನ್ನೊಬ್ಬರ ಕೈಗೆ ಹೋಗುವ ಕ್ರಯಪತ್ರ ಅದು. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಸುಮಾರು ಜನ ಅದರ ಹಿಂದೆ ಬೀಳುತ್ತಾರೆ. ಬೀಳಬೇಡಿ ಅಂತ ನಾನು ಹೇಳುತ್ತಿಲ್ಲ, ನೋಡಿಕೊಂಡು ಬೀಳಿ.

ಮೊದಲು ಪದಗಳ ಗೊಂದಲ ಮುಗಿಸಿಬಿಡೋಣ. ನಮ್ಮ ಊರುಗಳಲ್ಲಿ ‘ಅವನು ಪಾಪರ್ ಚೀಟಿ ತಗೊಂಡ’ ಅನ್ನುತ್ತಾರೆ. ಕೋರ್ಟಿನಲ್ಲಿ ‘ಪಾಪರ್’ ಅನ್ನುವ ಮಾತು ಬೇರೆಯದೇ ಜಾಗದಲ್ಲಿತ್ತು. ಕೋರ್ಟ್ ಶುಲ್ಕ ಕಟ್ಟಲು ಶಕ್ತಿ ಇಲ್ಲದವನು ದಾವೆ ಹೂಡುವಾಗ ಅವನಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಆ ಹೆಸರು ಕೊಟ್ಟಿತ್ತು. 1976ರ ತಿದ್ದುಪಡಿಯಲ್ಲಿ ಅದನ್ನೂ ಬದಲಾಯಿಸಿದರು. ಜನರ ಬಾಯಲ್ಲಿ ಎರಡೂ ಒಂದೇ ಆಗಿವೆ, ಇರಲಿ. ‘ಸಾಲಗಾರ’ ಅನ್ನುವ ಪದ ಮಾತ್ರ ನಿಜವಾಗಿ ಅಪಾಯಕಾರಿ. ‘ಅವನು ದೊಡ್ಡ ಸಾಲಗಾರ’ ಅಂದರೆ ಸಾಲ ಮಾಡಿದವನು. ‘ಸಾಲಗಾರರು ಬಾಗಿಲಿಗೆ ಬಂದು ಕೂತಿದ್ದಾರೆ’ ಅಂದರೆ ಸಾಲ ಕೊಟ್ಟವರು! ಹಾಗಾಗಿ ನಾನು ಈ ಪದ ಬಿಟ್ಟು ‘ದಿವಾಳಿಯಾದವನು’, ‘ಸಾಲ ಕೊಟ್ಟವರು’ ಅಂತಲೇ ಹೇಳುತ್ತೇನೆ.

ಈಗ ಕಾನೂನು. ಬೆಂಗಳೂರಿರಲಿ, ಬೀದರ್ ಇರಲಿ, ವ್ಯಕ್ತಿಯೊಬ್ಬ ದಿವಾಳಿಯಾದರೆ ನಮ್ಮಲ್ಲಿ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಿಗೆ 1909ರ ಬೇರೆ ಕಾಯ್ದೆ ಇದೆ. ‘2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ ಸಾರ್’ ಅಂತ ನೀವು ಕೇಳಬಹುದು. ಬಂತು. ಹಳೆಯ ಎರಡೂ ಕಾಯ್ದೆಗಳನ್ನು ರದ್ದು ಮಾಡುವ 243ನೇ ಕಲಂ ಕೂಡ ಅದರಲ್ಲಿದೆ. ಆದರೆ ಆ ಕಲಮನ್ನು ಜಾರಿಗೆ ತಂದಿಲ್ಲ. ವ್ಯಕ್ತಿಗಳ ಭಾಗದಲ್ಲಿ ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಹೊಸ ಸಂಹಿತೆ ಅನ್ವಯವಾಗುತ್ತದೆ. ಉಳಿದವರಿಗೆ ನೂರು ವರ್ಷ ದಾಟಿದ ಈ ಹಳೇ ಕಾಯ್ದೆಯೇ ಗತಿ. ಎಷ್ಟು ಹಳೆಯದು ಅಂದರೆ, ಸಾಲ ಕೊಟ್ಟವನು ಅರ್ಜಿ ಹಾಕಬೇಕಾದರೆ ಬಾಕಿ ಕನಿಷ್ಠ 500 ರೂಪಾಯಿ ಇರಬೇಕು ಅಂತ ಮೂಲ ಕಾಯ್ದೆಯಲ್ಲಿ ಬರೆದಿದೆ. 1920ರಲ್ಲಿ ಅದು ದೊಡ್ಡ ದುಡ್ಡು. ಇವತ್ತು ಇಬ್ಬರು ಹೋಟೆಲಿನಲ್ಲಿ ಊಟ ಮಾಡಿ ಎದ್ದರೆ ಮುಗಿಯಿತು.

ಈ ಕಾಯ್ದೆಯ ಹೃದಯ 28ನೇ ಕಲಂ. ಜಿಲ್ಲಾ ನ್ಯಾಯಾಲಯ ಒಬ್ಬನನ್ನು ದಿವಾಳಿ ಎಂದು ಘೋಷಿಸಿದ ಕ್ಷಣದಲ್ಲಿ ಅವನ ಸ್ವತ್ತೆಲ್ಲ ಕೋರ್ಟಿನ ಕೈಗೆ, ಇಲ್ಲವೇ ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚಲು ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅಲ್ಲಿಂದ ಋಣಮುಕ್ತಿಯ ಆದೇಶ ಸಿಗುವವರೆಗೆ ಅವನಿಗೆ ಹೊಸದಾಗಿ ಬರುವ ಸ್ವತ್ತೂ ಅಷ್ಟೇ. ನಡುವೆ ಅಜ್ಜಿ ತೀರಿಕೊಂಡು ಪಾಲು ಬಂದರೆ ಅದೂ ರಿಸೀವರ್‌ಗೇ. ಇದಕ್ಕೆ ಕ್ರಯಪತ್ರ ಬೇಡ, ಸ್ಟ್ಯಾಂಪ್ ಪೇಪರ್ ಬೇಡ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೂ ಬೇಡ. ಕಾನೂನೇ ದಾಟಿಸಿಬಿಡುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನೋಂದಣಿಯೇ ಇಲ್ಲ ಅಂದಮೇಲೆ ಇ.ಸಿ.ಯಲ್ಲಿ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪತ್ರದಲ್ಲಿ, ಅದು ಹೇಗೆ ಕಾಣುತ್ತದೆ? ಕಾಣುವುದಿಲ್ಲ. ಸೈಟು ತಗೊಳ್ಳುವ ಮುಂಚೆ ನಾವೆಲ್ಲ ಮಾಡುವ ಕೆಲಸ ಏನು? ಮೂವತ್ತು ವರ್ಷದ ಇ.ಸಿ. ತೆಗೆಸುವುದು. ಅದರಲ್ಲಿ ಏನೂ ಇಲ್ಲದಿದ್ದರೆ ‘ಕ್ಲಿಯರ್ ಇದೆ’ ಅನ್ನುವುದು. ದಿವಾಳಿಯ ಆದೇಶ ಗೆಜೆಟ್‌ನಲ್ಲಿ ಪ್ರಕಟವಾಗಬೇಕು ಅಂತ 30ನೇ ಕಲಂ ಹೇಳುತ್ತದೆ. ಆದರೆ ನಿಮ್ಮಲ್ಲಿ ಎಷ್ಟು ಜನ ಗೆಜೆಟ್ ಓದುತ್ತೀರಿ? ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ ಅಲ್ವಾ. ನಾನೂ ಓದುವುದಿಲ್ಲ.

ನನ್ನ ಹತ್ತಿರ ಬಂದಿದ್ದ ಕಕ್ಷಿದಾರರೊಬ್ಬರ ಕಥೆ ಇದೇ. ನಿವೃತ್ತಿಯ ಹಣದಲ್ಲಿ ಒಂದು ಮೂವತ್ತು ನಲವತ್ತರ ಸೈಟು ತಗೊಂಡಿದ್ದರು. ಇ.ಸಿ. ಶುದ್ಧ, ಖಾತೆ ಮಾರಿದವನ ಹೆಸರಿನಲ್ಲಿ, ಕಂದಾಯದ ರಸೀದಿಯೂ ಅವನದೇ. ಎಲ್ಲ ಸರಿ. ಆದರೆ ಅವನನ್ನು ಕೋರ್ಟು ದಿವಾಳಿ ಎಂದು ಘೋಷಿಸಿ ಏಳು ತಿಂಗಳಾಗಿತ್ತು. ಅವನು ಸಹಿ ಹಾಕಿದ ದಿನ ಬರೆದುಕೊಡಲು ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಕ್ಷಿದಾರರು ಮೂರು ಸಲ ಒಂದೇ ಪ್ರಶ್ನೆ ಕೇಳಿದರು: ‘ರಿಜಿಸ್ಟರ್ ಆಗಿದೆಯಲ್ಲ ಸಾರ್?’ ಆಗಿದೆ. ನೋಂದಣಿ ಪತ್ರಕ್ಕೆ ದಾಖಲೆ ಕೊಡುತ್ತದೆ, ಇಲ್ಲದ ಹಕ್ಕನ್ನು ಹುಟ್ಟಿಸುವುದಿಲ್ಲ. ಅವತ್ತಿನಿಂದ ನಾನು ಸೈಟು ಕೊಳ್ಳುವವರಿಗೆ ಒಂದು ಕೆಲಸ ಜಾಸ್ತಿ ಹೇಳುತ್ತೇನೆ: ಮಾರುವವನು ವ್ಯಾಪಾರಸ್ಥನಾಗಿದ್ದು, ಅವಸರದಲ್ಲಿದ್ದು, ಬೆಲೆಯನ್ನೂ ಇಳಿಸಿದ್ದರೆ ಅವನ ಹೆಸರನ್ನು ಜಿಲ್ಲಾ ನ್ಯಾಯಾಲಯದ ಪ್ರಕರಣಗಳಲ್ಲಿ ಹುಡುಕಿಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಬಹುದು. ಕಾಲು ಗಂಟೆಯ ಕೆಲಸ.

28ನೇ ಕಲಮಿಗೆ ಇನ್ನೊಂದು ಬಾಲ ಇದೆ. ಆದೇಶ ಯಾವತ್ತು ಬಂದರೂ ಅದು ಅರ್ಜಿ ಹಾಕಿದ ದಿನದಿಂದಲೇ ಜಾರಿಯಲ್ಲಿತ್ತು ಅಂತ ಲೆಕ್ಕ. ಜನವರಿಯಲ್ಲಿ ಅರ್ಜಿ ಬಿತ್ತು, ಮಾರ್ಚ್‌ನಲ್ಲಿ ನೀವು ಕೊಂಡಿರಿ, ಅಕ್ಟೋಬರ್‌ನಲ್ಲಿ ಆದೇಶ ಆಯಿತು ಅಂದುಕೊಳ್ಳಿ. ಲೆಕ್ಕದ ಪ್ರಕಾರ ಮಾರ್ಚ್‌ನಲ್ಲೇ ಆ ಸ್ವತ್ತು ಅವನದಲ್ಲ. ಇದು ಅನ್ಯಾಯ ಅನ್ನಿಸುತ್ತದೆ. ಕಾಯ್ದೆ ಬರೆದವರಿಗೂ ಹಾಗೇ ಅನ್ನಿಸಿದ್ದರಿಂದ 55ನೇ ಕಲಂ ಇಟ್ಟರು. ಘೋಷಣೆಗೆ ಮುಂಚೆ, ಸರಿಯಾದ ಬೆಲೆ ಕೊಟ್ಟು, ಅರ್ಜಿ ಬಿದ್ದಿರುವುದು ಗೊತ್ತಿಲ್ಲದೆ ಕೊಂಡವನಿಗೆ ರಕ್ಷಣೆ ಇದೆ. ನನ್ನ ಕಕ್ಷಿದಾರರು ಘೋಷಣೆಯ ಆಮೇಲೆ ಕೊಂಡಿದ್ದರಿಂದ ಅವರಿಗೆ ಅದೂ ಸಿಗಲಿಲ್ಲ.

ಹಿಂದಕ್ಕೆ ಹೋಗುವ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಅಂಗಡಿ ಮುಳುಗುವ ಸೂಚನೆ ಸಿಕ್ಕ ತಕ್ಷಣ ನಮ್ಮವರು ಮಾಡುವ ಮೊದಲ ಕೆಲಸ ಯಾವುದು? ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡುವುದು! ಹೀಗೆ ಬೆಲೆ ಇಲ್ಲದೆ ಕೊಟ್ಟ ಎರಡು ವರ್ಷದೊಳಗೆ ಅರ್ಜಿ ಬಿದ್ದು ಅವನು ದಿವಾಳಿಯಾದರೆ ರಿಸೀವರ್ ಆ ದಾನವನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು. ಅದು 53ನೇ ಕಲಂ. ಸಾಲ ಕೊಟ್ಟವರಲ್ಲಿ ತನಗೆ ಬೇಕಾದ ಒಬ್ಬನಿಗೆ ಮಾತ್ರ ಸ್ವತ್ತು ಬರೆದುಕೊಟ್ಟರೆ ಮೂರು ತಿಂಗಳ ಲೆಕ್ಕ, ಅದು 54.

ಪ್ರಾಮಾಣಿಕರೂ ಇರುತ್ತಾರೆ. ‘ನನ್ನ ಕೈಲಿ ಆಗುವುದಿಲ್ಲ, ನನ್ನ ಆಸ್ತಿಯನ್ನೆಲ್ಲ ಒಬ್ಬ ದೊಡ್ಡ ಮನುಷ್ಯರ ಹೆಸರಿಗೆ ಬರೆಯುತ್ತೇನೆ, ಅವರು ಮಾರಿ ಎಲ್ಲರಿಗೂ ಹಂಚಲಿ’ ಅನ್ನುವವರು. ಊರ ಪಂಚಾಯಿತಿಯಲ್ಲಿ ಇದು ಒಳ್ಳೆಯ ತೀರ್ಮಾನ. ಕಾಯ್ದೆಯ ಕಣ್ಣಿಗೆ ಮಾತ್ರ ಹಾಗೆ ಬರೆದುಕೊಟ್ಟದ್ದೇ ದಿವಾಳಿತನದ ಕೃತ್ಯ. 6ನೇ ಕಲಮಿನ ಪಟ್ಟಿಯಲ್ಲಿ ಮೊದಲನೆಯದೇ ಅದು. ಸಾಲ ಕೊಟ್ಟವರಲ್ಲಿ ಇದಕ್ಕೆ ಒಪ್ಪದ ಒಬ್ಬನೇ ಒಬ್ಬ, ಆ ಪತ್ರವನ್ನೇ ಆಧಾರ ಮಾಡಿಕೊಂಡು ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಬಹುದು. ಹಾಗಾಗಿ ಇಂಥ ‘ದೊಡ್ಡ ಮನುಷ್ಯರಿಂದ’ ನೀವು ಕೊಳ್ಳುವುದಾದರೆ ಮೂರು ತಿಂಗಳು ಕಳೆಯಲಿ, ಸಾಲ ಕೊಟ್ಟವರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಸರಿ, ಈಗ ರಿಸೀವರ್ ಮಾರಾಟಕ್ಕೆ ಇಟ್ಟಿದ್ದಾರೆ ಅಂದುಕೊಳ್ಳೋಣ. ಅವರ ಕೈಗೆ ಬಂದದ್ದು ಏನು? ದಿವಾಳಿಯಾದವನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ. ಒಂದು ಗೇಣೂ ಜಾಸ್ತಿ ಇಲ್ಲ. ಕೆಲವು ಸಲ ಕಡಿಮೆಯೇ. ಜಪ್ತಿ ಮಾಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳಿದ ಸ್ವತ್ತು ರಿಸೀವರ್ ಕೈಗೆ ಬರುವುದೇ ಇಲ್ಲ. ರೈತ ತಾನೇ ವಾಸ ಇರುವ ಮನೆ ಅದರಲ್ಲಿ ಸೇರಿದೆ, ಕೂಲಿಕಾರನದೂ ಸೇರಿದೆ. ಹೊಲದ ಜೊತೆಗೆ ತೋಟದ ಮನೆಯೂ ಸೇರಿದೆ ಅಂತ ಜಾಹೀರಾತಿನಲ್ಲಿದ್ದರೆ ಅಲ್ಲಿ ಒಂದು ಪ್ರಶ್ನೆ ಕೇಳಿ.

ಬ್ಯಾಂಕಿನ ಅಡಮಾನ ಇದ್ದರೆ ಅದು ಹಾಗೇ ಉಳಿಯುತ್ತದೆ. ಒತ್ತೆ ಇಟ್ಟುಕೊಂಡವರ ಹಕ್ಕಿಗೆ ದಿವಾಳಿ ಆದೇಶ ಅಡ್ಡ ಬರುವುದಿಲ್ಲ. 60 ಲಕ್ಷದ ಮನೆ 20 ಲಕ್ಷಕ್ಕೆ ಹರಾಜಿಗಿದೆ ಅಂತ ಕುಣಿಯಬೇಡಿ. ಅದರ ಮೇಲೆ 45 ಲಕ್ಷ ಬ್ಯಾಂಕಿನ ಸಾಲ ಇದ್ದು, ರಿಸೀವರ್ ಮಾರುತ್ತಿರುವುದು ಅದನ್ನು ಬಿಡಿಸಿಕೊಳ್ಳುವ ಹಕ್ಕನ್ನು ಮಾತ್ರ ಆಗಿದ್ದರೆ ನೀವು ಕೊಡುತ್ತಿರುವುದು 65 ಲಕ್ಷ.

ಒಟ್ಟು ಕುಟುಂಬದ ಆಸ್ತಿ ಬಂದಾಗ ತಲೆನೋವು ಶುರುವಾಗುತ್ತದೆ, ಮತ್ತು ನಮ್ಮ ಹಳ್ಳಿಗಳ ಜಮೀನಿನಲ್ಲಿ ಬಹುಪಾಲು ಅದೇ. ಹಳೆಯ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ ತೀರಿಸುವುದು ಮಗನ ಧರ್ಮ. ಕುಡಿತ, ಜೂಜಿನಂಥ ಕೆಟ್ಟ ಕೆಲಸಕ್ಕೆ ಮಾಡಿದ ಸಾಲ ಅಲ್ಲದಿದ್ದರೆ ಅಪ್ಪ ತನ್ನ ಹಿಂದಿನ ಸಾಲ ತೀರಿಸಲು ಮಕ್ಕಳ ಪಾಲನ್ನೂ ಮಾರಬಹುದಿತ್ತು. ಅಪ್ಪ ದಿವಾಳಿಯಾದರೆ ಹಾಗೆ ಮಾರುವ ಶಕ್ತಿ ರಿಸೀವರ್‌ಗೆ ಬರುತ್ತದೋ ಇಲ್ಲವೋ ಅಂತ ಜಗ್ಗಾಟ ಇತ್ತು. 1948ರಲ್ಲಿ 28ಎ ಕಲಂ ಸೇರಿಸಿ ‘ಬರುತ್ತದೆ’ ಅಂದರು. ಆಮೇಲೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂತು. ಅದರ ಬಗ್ಗೆ ಹೆಣ್ಣುಮಕ್ಕಳ ಪಾಲಿನ ಮಾತು ಎಲ್ಲರಿಗೂ ಗೊತ್ತು. ಆ ಮಾತು ಇರುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನ ಕೆಳಗೇ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ: ಧರ್ಮದ ಋಣ ಅನ್ನುವ ಒಂದೇ ಕಾರಣಕ್ಕೆ ಅಪ್ಪನ ಸಾಲವನ್ನು ಮಗನಿಂದ ವಸೂಲಿ ಮಾಡುವ ಹಕ್ಕನ್ನು ಕೋರ್ಟು ಇನ್ನು ಮುಂದೆ ಒಪ್ಪುವುದಿಲ್ಲ. ಆ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅದಕ್ಕೂ ಮುಂಚಿನ ಸಾಲ ಆಗಿದ್ದರೆ ಹಳೇ ನಿಯಮ. ಆದ್ದರಿಂದ ರಿಸೀವರ್ ಪೂರ್ತಿ ನಾಲ್ಕು ಎಕರೆ ಮಾರುತ್ತಿದ್ದರೆ, ಪಹಣಿಯಲ್ಲಿ ಅಪ್ಪನ ಒಬ್ಬನ ಹೆಸರೇ ಇದ್ದರೂ, ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಕೇಳಬೇಕು. ಸಾಲ ಯಾವತ್ತಿನದು ಅಂತಲೂ ಕೇಳಬೇಕು. ಇಲ್ಲದಿದ್ದರೆ ನೀವು ಕೊಂಡದ್ದು ಒಂದು ಪಾಲು, ಜೊತೆಗೆ ಉಚಿತವಾಗಿ ಒಂದು ವಿಭಾಗದ ದಾವೆ.

ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಆಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ನೋಡಿ. ಸರ್ಕಾರದ ಮುಂಚಿತ ಅನುಮತಿ ಇಲ್ಲದ ಮಾರಾಟ ಅಲ್ಲಿ ನಿಲ್ಲುವುದಿಲ್ಲ. ಕೋರ್ಟಿನ ಡಿಕ್ರಿ ಜಾರಿಯಲ್ಲಿ ಆದ ಹರಾಜಿಗೂ ಆ ಕಾಯ್ದೆ ಬಿಗಿಯೇ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವ ವಿಷಯ.

ಈಗ ಕ್ರಯಪತ್ರಕ್ಕೇ ಬರೋಣ. ಹೆಚ್ಚು ಜನ ಎಡವುವುದು ಇಲ್ಲಿ. ‘ಕೋರ್ಟಿನಿಂದ ಮಾರಿದ್ದು ತಾನೇ, ಸರ್ಟಿಫಿಕೇಟ್ ಕೊಡುತ್ತಾರೆ, ಸಾಕು’ ಅನ್ನುತ್ತಾರೆ. ಎರಡು ಬೇರೆ ಬೇರೆ ವಿಷಯ ಇವೆ. ಡಿಕ್ರಿ ವಸೂಲಿಗೆ ಕೋರ್ಟೇ ಹರಾಜು ಹಾಕಿದರೆ ಕೊಂಡವನಿಗೆ ಕೋರ್ಟು ಕ್ರಯ ಪ್ರಮಾಣಪತ್ರ ಕೊಡುತ್ತದೆ. ಅದನ್ನು ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಕೋರ್ಟು ಅದರ ಪ್ರತಿಯನ್ನು ಸಬ್ ರಿಜಿಸ್ಟ್ರಾರ್‌ಗೆ ಕಳಿಸುತ್ತದೆ, ಅವರು ಪುಸ್ತಕದಲ್ಲಿ ಸೇರಿಸುತ್ತಾರೆ. ರಿಸೀವರ್ ಮಾರುವುದು ಹಾಗಲ್ಲ. ಸ್ವತ್ತು ಅವರಲ್ಲಿ ನೆಲೆಗೊಂಡಿದೆ. 59ನೇ ಕಲಂ ಅವರಿಗೆ ಮಾರುವ ಅಧಿಕಾರ ಕೊಟ್ಟಿದೆ. ಅವರು ಒಬ್ಬ ಮಾಲೀಕನಂತೆಯೇ ಮಾರುತ್ತಾರೆ. ಆದ್ದರಿಂದ ಮಾಲೀಕ ಬರೆದುಕೊಡುವಂತೆಯೇ ಕ್ರಯಪತ್ರ ಬರೆದು, ಸ್ಟ್ಯಾಂಪ್ ಶುಲ್ಕ ಕಟ್ಟಿ, ನೋಂದಣಿ ಮಾಡಿಸಬೇಕು. ಹರಾಜಿನಲ್ಲಿ ನಿಮ್ಮ ಕೂಗು ಕೊನೆಯದು ಅಂತ ಸುತ್ತಿಗೆ ಬಿದ್ದ ಮಾತ್ರಕ್ಕೆ, ಹಣ ಕಟ್ಟಿ ರಸೀದಿ ಪಡೆದ ಮಾತ್ರಕ್ಕೆ ಸ್ವತ್ತು ನಿಮ್ಮದಾಗುವುದಿಲ್ಲ.

ಆ ಪತ್ರದಲ್ಲಿ ‘ಬರೆದುಕೊಡುವವರು’ ಅನ್ನುವ ಜಾಗದಲ್ಲಿ ರಿಸೀವರ್ ಹೆಸರು ಬರುತ್ತದೆ, ಅವರ ಹುದ್ದೆಯ ಸಮೇತ. ಅದರ ಕೆಳಗೆ ಒಂದು ಸಣ್ಣ ಕಥೆ ಬರಬೇಕು. ಯಾವ ಜಿಲ್ಲಾ ನ್ಯಾಯಾಲಯ, ದಿವಾಳಿ ಅರ್ಜಿಯ ನಂಬರು ಎಷ್ಟು, ಅರ್ಜಿ ಹಾಕಿದ ದಿನ, ಘೋಷಣೆಯಾದ ದಿನ, ರಿಸೀವರ್ ನೇಮಕವಾದ ದಿನ, ಸ್ವತ್ತು 28ನೇ ಕಲಮಿನ ಪ್ರಕಾರ ಅವರಿಗೆ ಬಂದದ್ದು, ಹರಾಜು ಹೇಗೆ ನಡೆಯಿತು, ಅಡಮಾನಕ್ಕೆ ಒಳಪಟ್ಟು ಮಾರಿದ್ದೋ ಬಿಡಿಸಿ ಮಾರಿದ್ದೋ. ಈ ಕಥೆ ಗಟ್ಟಿಯಾಗಿ ಬರೆಸಿ. ಇಪ್ಪತ್ತು ವರ್ಷ ಆದಮೇಲೆ ನಿಮ್ಮ ಮಗಳು ಆ ಸೈಟು ಮಾರಲು ಹೋದಾಗ ಇನ್ನೊಬ್ಬ ವಕೀಲ ಕೇಳುತ್ತಾನೆ: ‘ಖಾತೆ ರಾಮಪ್ಪನದು, ಬರೆದುಕೊಟ್ಟವನು ಇವನು ಯಾರು?’ ಅವತ್ತು ಉತ್ತರ ಹೇಳುವುದು ಆ ಒಂದು ಪುಟವೇ.

ಆರಂಭದಲ್ಲಿ ಹೇಳಿದ ‘ತಂಟೆ ತಕರಾರು’ ಸಾಲು ನೆನಪಿದೆಯಲ್ಲ? ರಿಸೀವರ್ ಅದನ್ನು ಬರೆದುಕೊಡುವುದಿಲ್ಲ. ಕೇಳಿ ಜಗಳ ಮಾಡಬೇಡಿ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮೇ ಅವರಿಗೆ ವಿನಾಯಿತಿ ಕೊಟ್ಟಿದೆ. ಇನ್ನೊಬ್ಬರ ಪರವಾಗಿ ನಂಬಿಕೆಯ ಸ್ಥಾನದಲ್ಲಿ ನಿಂತು ಮಾರುವವನು ‘ನಾನಾಗಿ ಇದರ ಮೇಲೆ ಯಾವ ಭಾರವನ್ನೂ ಹೊರಿಸಿಲ್ಲ’ ಅಂತ ಹೇಳಿದರೆ ಸಾಕು. ಹಕ್ಕು ಪಕ್ಕಾ ಇದೆ ಅಂತ ಅವನು ಭರವಸೆ ಕೊಡುವುದಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಆ ಒಂದು ಸಾಲಿನ ಬೆಲೆಯನ್ನು ಕಳೆದು ನಿಮಗೆ ಮಾರುತ್ತಿದ್ದಾರೆ.

ಸ್ವಾಧೀನದ್ದೂ ಇದೇ ಕಥೆ. ಒಳಗೆ ದಿವಾಳಿಯಾದವನೇ ಕೂತಿದ್ದರೆ ಕೋರ್ಟು ಅವನನ್ನು ಎಬ್ಬಿಸುತ್ತದೆ. ಬಾಡಿಗೆದಾರ ಇದ್ದರೆ, ಅವನನ್ನು ಈಗ ಎಬ್ಬಿಸುವ ಹಕ್ಕು ದಿವಾಳಿಯಾದವನಿಗೇ ಇರದಿದ್ದರೆ, ರಿಸೀವರ್‌ಗೂ ಇಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹರಾಜಿಗೆ ಮುಂಚೆಯೇ ಹೋಗಿ ನೋಡಿಕೊಂಡು ಬನ್ನಿ.

ರಿಸೀವರ್ ಮಾಡಿದ ಕೆಲಸದಿಂದ ತೊಂದರೆಯಾಯಿತು ಅನ್ನುವ ಯಾರೇ ಆಗಲಿ 21 ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಬಹುದು. ಅದು 68ನೇ ಕಲಂ. ಬೆಲೆ ತೀರಾ ಕಡಿಮೆ, ಒಳಸಂಚು ಇತ್ತು ಅಂತೆಲ್ಲ ತಕರಾರು ಬರುವುದು ಈ ಹೊತ್ತಿನಲ್ಲೇ. ನಾನಾದರೆ ಆ 21 ದಿನ ಕಳೆಯುವವರೆಗೆ ಗೋಡೆಗೆ ಒಂದು ಬಕೆಟ್ ಸುಣ್ಣವನ್ನೂ ಬಳಿಯುವುದಿಲ್ಲ. ಒಂದು ಸಮಾಧಾನದ ಮಾತೂ ಇದೆ. ಮುಂದೆ ಅವನು ಸಾಲವನ್ನೆಲ್ಲ ತೀರಿಸಿ ದಿವಾಳಿ ಆದೇಶವನ್ನೇ ರದ್ದು ಮಾಡಿಸಿಕೊಂಡರೂ ಅಷ್ಟರಲ್ಲಿ ರಿಸೀವರ್ ಸರಿಯಾಗಿ ಮಾಡಿದ ಮಾರಾಟ ಉಳಿಯುತ್ತದೆ. 37ನೇ ಕಲಂ ಅದನ್ನು ಕಾಯುತ್ತದೆ.

ಕರಾವಳಿಯವರು ಕೆಲವರು ಇಲ್ಲಿದ್ದೀರಿ, ನಿಮಗಾಗಿ ಒಂದು ಉದಾಹರಣೆ. ಮುಂಬೈಯಲ್ಲಿ ಹೋಟೆಲು ನಡೆಸುವವರೊಬ್ಬರು ಅಲ್ಲಿಯೇ ದಿವಾಳಿಯಾದರು ಅಂದುಕೊಳ್ಳಿ. ಅವರಿಗೆ ಕುಂದಾಪುರದ ಹತ್ತಿರ ತೆಂಗಿನ ತೋಟ ಇದೆ. ಮುಂಬೈಗೆ 1909ರ ಕಾಯ್ದೆ. ಅಲ್ಲಿ ರಿಸೀವರ್ ಬದಲಿಗೆ ಅಫಿಷಿಯಲ್ ಅಸೈನೀ ಇರುತ್ತಾರೆ. ಸ್ವತ್ತು ಎಲ್ಲೇ ಇದ್ದರೂ ಅವರ ಕೈಗೆ ಹೋಗುತ್ತದೆ ಅಂತ 17ನೇ ಕಲಂ ಹೇಳುತ್ತದೆ. ಕುಂದಾಪುರದ ತೋಟವೂ ಹೋಯಿತು! ಅದನ್ನು ನೀವು ಕೊಂಡರೆ ಬರೆದುಕೊಡುವವರು ಮುಂಬೈಯ ಅಸೈನೀ, ನೋಂದಣಿ ಆಗಬೇಕಾದ್ದು ಕುಂದಾಪುರದಲ್ಲಿ. ಅವರು ಅಲ್ಲಿಂದ ಬಂದು ಹೆಬ್ಬೆಟ್ಟು ಒತ್ತಬೇಕಾ? ಬೇಡ. ಅಫಿಷಿಯಲ್ ಅಸೈನೀ ತನ್ನ ಹುದ್ದೆಯಲ್ಲಿ ಬರೆದ ಪತ್ರಕ್ಕೆ ಖುದ್ದು ಹಾಜರಾಗಬೇಕಿಲ್ಲ ಅಂತ ನೋಂದಣಿ ಕಾಯ್ದೆಯ 88ನೇ ಕಲಂ ಹೇಳುತ್ತದೆ. ಸಂದೇಹ ಇದ್ದರೆ ಸಬ್ ರಿಜಿಸ್ಟ್ರಾರ್ ಅವರಿಂದಲೇ ವಿವರ ತರಿಸಿಕೊಳ್ಳಬಹುದು. ತೋಟ ಅವರ ಸ್ವಂತದ್ದೋ, ತಾಯಿಯ ಕಡೆಯಿಂದ ಪಾಲು ಹರಿಯುವ ಅಳಿಯಕಟ್ಟಿನ ಕುಟುಂಬದ್ದೋ ಅನ್ನುವುದನ್ನು ಮಾತ್ರ ಊರಿನಲ್ಲೇ ವಿಚಾರಿಸಬೇಕು, ಮುಂಬೈಯಲ್ಲಿ ಗೊತ್ತಾಗುವುದಿಲ್ಲ.

ಕಂಪನಿಯ ಜಾಗದ ಬಗ್ಗೆ ಎರಡೇ ಮಾತು. ಅಲ್ಲಿ 2016ರ ಸಂಹಿತೆ, ಕಂಪನಿ ಪ್ರಕರಣಗಳನ್ನು ನೋಡುವ ಎನ್‌.ಸಿ.ಎಲ್‌.ಟಿ. ನ್ಯಾಯಮಂಡಳಿಯ ಬೆಂಗಳೂರು ಪೀಠ, ಮುಳುಗಿದ ಕಂಪನಿಯ ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್. ಪೂರ್ತಿ ಹಣ ಕಟ್ಟಿದ ಮೇಲೆ ಲಿಕ್ವಿಡೇಟರ್ ಕ್ರಯ ಪ್ರಮಾಣಪತ್ರವನ್ನೋ ಕ್ರಯಪತ್ರವನ್ನೋ ಕೊಡಬಹುದು. ಮಾಲೀಕ ಕಂಪನಿಯೇ, ಲಿಕ್ವಿಡೇಟರ್ ಅದರ ಪರವಾಗಿ ಸಹಿ ಹಾಕುವವರು. ಸ್ವತ್ತು ‘ಎಲ್ಲಿದೆಯೋ ಹೇಗಿದೆಯೋ ಹಾಗೇ’ ಅನ್ನುವ ಷರತ್ತಿನ ಮೇಲೆ ಸಿಗುತ್ತದೆ. ಆ ‘ಹೇಗಿದೆಯೋ’ ಅನ್ನುವುದರೊಳಗೆ ಏನೇನಿರುತ್ತದೆ ಅನ್ನುವುದಕ್ಕೆ 2023ರ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ, ಕೇರಳ ವಿದ್ಯುತ್ ಮಂಡಳಿ ಮತ್ತು ಕೆ.ಸಿ. ನಿನಾನ್ ನಡುವಿನದು. ಹರಾಜಿನಲ್ಲಿ ಕೊಂಡವನು ಕರೆಂಟು ಕೇಳಲು ಹೋದಾಗ, ನಿಯಮದಲ್ಲಿ ಅವಕಾಶ ಇದ್ದರೆ, ಹಿಂದಿನ ಮಾಲೀಕನ ಬಾಕಿಯನ್ನೂ ಕಟ್ಟು ಅನ್ನಬಹುದು ಎಂದು ಅದರಲ್ಲಿ ಹೇಳಿದರು. ಮುಚ್ಚಿದ ಕಾರ್ಖಾನೆಯ ಕರೆಂಟ್ ಬಿಲ್ ಎಷ್ಟಿರಬಹುದು, ನೀವೇ ಯೋಚನೆ ಮಾಡಿ.

ಕೊನೆಗೆ ಖಾತೆ. ಸ್ವತ್ತು ರಿಸೀವರ್ ಕೈಗೆ ಬಂದರೂ ಖಾತೆ, ಪಹಣಿ ಸಾಮಾನ್ಯವಾಗಿ ದಿವಾಳಿಯಾದವನ ಹೆಸರಿನಲ್ಲೇ ಉಳಿದಿರುತ್ತದೆ. ನೀವು ಕ್ರಯಪತ್ರ ಹಿಡಿದು ಹೋದಾಗ ಕಚೇರಿಯಲ್ಲಿ ಕೂತವರು ಎರಡು ಹೆಸರನ್ನೂ ನೋಡಿ ‘ಮ್ಯಾಚ್ ಆಗ್ತಿಲ್ಲ’ ಅನ್ನುತ್ತಾರೆ. ಅವರ ತಪ್ಪಲ್ಲ, ಕಂಪ್ಯೂಟರ್ ಕೇಳುವುದೂ ಅದನ್ನೇ. ನಾನೊಮ್ಮೆ ಹೀಗೇ ನಿಂತಿದ್ದೆ. ಘೋಷಣೆಯ ಆದೇಶದ ದೃಢೀಕೃತ ಪ್ರತಿ ಕೊಟ್ಟೆ, ರಿಸೀವರ್ ನೇಮಕದ ಆದೇಶ ಕೊಟ್ಟೆ, 28ನೇ ಕಲಮಿನ ಪುಟವನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟೆ. ಗುಮಾಸ್ತರು ಮೂರನ್ನೂ ಓದಿ, ಕನ್ನಡಕ ತೆಗೆದು ಕೇಳಿದರು: ‘ಹಂಗಾದ್ರೆ ಸಾರ್, ಆ ರಾಮಪ್ಪ ಈಗೆಲ್ಲಿದ್ದಾರೆ?’ ಅದೇ ಮನೆಯ ಎದುರು ಬಾಡಿಗೆಗೆ ಇದ್ದಾರೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಗೆ ಸೀಲು ಹಾಕಿ ಒಳಗೆ ಕಳಿಸಿದರು.